ಹಳೆ ಕ್ಯಾಲೆಂಡರಿನ ಬೆನ್ನ ಮೇಲಿನ ಪ್ರಶ್ನೆಗಳು

ಜೂನ್ ಅರ್ಧ ಕಳೆದಿದೆ. ಕೊಲ್ಲಿ ನಾಡಿನ ಮನಾಮದಲ್ಲಿ ರಸ್ತೆಬದಿಯ ಖರ್ಜೂರದ ಗೊನೆಗಳು ಹಸಿರು ಬಿಟ್ಟು ಹಳದಿಗೆ ತಿರುಗುತ್ತಿವೆ. ಸೂರ್ಯ ಇನ್ನೂ ಮೇಲೆದ್ದಿಲ್ಲ, ಆದರೆ ಕಡಲಿನ ಹಸಿ ಸೆಖೆ ಆಗಲೇ ಗೋಡೆಗಳಿಗೆ ಅಂಟಿಕೊಂಡಿದೆ. ಗುಫೂಲ್ ಬಡಾವಣೆಯ ಫ್ಲ್ಯಾಟಿನಿಂದ ಹೊರಗೆ ಕಾಲಿಟ್ಟ ಕೂಡಲೇ ಗ್ಲೆನಿಟಾ ಅವರ ಕನ್ನಡಕ ಮಂಜಾಗುತ್ತದೆ. ಬಿಳಿ ಕೋಟಿನ ಅಂಚಿನಲ್ಲಿ ಅದನ್ನು ಒರೆಸಿಕೊಂಡು, ಕಂಕುಳಿನ ಕಾಗದದ ಸುರುಳಿಯನ್ನು ಭದ್ರ ಮಾಡಿಕೊಂಡು ಅವರು ಬಸ್ಸು ನಿಲ್ಲುವ ಮೂಲೆಗೆ ನಡೆಯುತ್ತಾರೆ.

ಸುರುಳಿಯಲ್ಲಿರುವುದು ಹೋದ ವರ್ಷದ ಕ್ಯಾಲೆಂಡರುಗಳು. ಬೀದಿಯ ತುದಿಯಲ್ಲಿ ಕೋಲ್ಡ್ ಸ್ಟೋರ್ ಎನ್ನುವ ಸಣ್ಣ ದಿನಸಿ ಅಂಗಡಿ ಇಟ್ಟಿರುವ ಹಸನಬ್ಬ ಅವನ್ನು ಇವರಿಗಾಗಿಯೇ ಎತ್ತಿಡುತ್ತಾರೆ. "ಎಲ್ರೂ ಹೊಸ ವರ್ಷ ಕೇಳ್ತಾರೆ ಬಾಯಮ್ಮ, ಹಳತು ಕೇಳುದು ನೀವೊಬ್ರೇ" ಎಂದು ಅವರು ನಗುತ್ತಾರೆ. ಹಿಂಬದಿ ಖಾಲಿ ಇರುವ ಅಷ್ಟು ದೊಡ್ಡ ಹಾಳೆ ಬೇರೆಲ್ಲಿಯೂ ಪುಕ್ಕಟೆ ಸಿಗುವುದಿಲ್ಲ.

ಗ್ಲೆನಿಟಾ ನರ್ಸಿಂಗ್ ಕಾಲೇಜೊಂದರ ವಾರ್ಡ್ ಶಿಕ್ಷಕಿ. ಪಾಠ ಹೇಳುವವರು ಬೇರೆ. ಓದಿದ್ದನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ಬಳಸುವುದು ಹೇಗೆಂದು ತೋರಿಸುವವರು ಇವರು. ಆಸ್ಪತ್ರೆಯಲ್ಲಿ ಇವರಿಗೊಂದು ಕೋಣೆ ಇಲ್ಲ. ಬಟ್ಟೆ ದಾಸ್ತಾನಿನ ಕೋಣೆಯಲ್ಲಿ, ಬೆಡ್‌ಶೀಟುಗಳ ರಾಶಿಯ ನಡುವೆ, ಆರು ವಿದ್ಯಾರ್ಥಿನಿಯರು ನೆಲದ ಮೇಲೆ ಕ್ಯಾಲೆಂಡರ್ ಮಗುಚಿ ಹಾಸುತ್ತಾರೆ.

"ನಡುವೆ ಎಂತ ಬರೆಯುದು?" ಗ್ಲೆನಿಟಾ ಕೇಳುತ್ತಾರೆ.

"ರೋಗದ ಹೆಸರು ಮಿಸ್."

"ಅದು ಫೈಲಿನಲ್ಲಿ ಉಂಟು. ನಕಲು ಮಾಡ್ಲಿಕ್ಕೆ ಜೆರಾಕ್ಸ್ ಮಿಷನ್ ಸಾಕು, ನಿನ್ನ ಅಪ್ಪ ಇಷ್ಟು ಫೀಸ್ ಯಾಕೆ ಕಟ್ಟುದು? ನಿನ್ನೆ ಇಲ್ಲದ್ದು ಇವತ್ತು ಆ ಮನುಷ್ಯನಲ್ಲಿ ಎಂತ ಕಂಡಿತು, ಅದನ್ನ ನಡುವೆ ಬರಿ. ಮತ್ತೆ ಯಾಕೆ ಯಾಕೆ ಅಂತ ಕೇಳ್ತಾ ಒಂದೊಂದೇ ಗೆರೆ ಎಳಿ."

ಇದಕ್ಕೆ ಮೈಂಡ್ ಮ್ಯಾಪ್ ಎನ್ನುತ್ತಾರೆಂದು ಇವರಿಗೆ ತಿಳಿದದ್ದು ಒಂದು ಶುಕ್ರವಾರದ ಶಿಬಿರದಲ್ಲಿ. ರಜೆಯ ದಿನ ಹೋಗಲು ಬೇರೆ ಯಾರೂ ಒಪ್ಪದೆ ಇವರನ್ನು ಕಳಿಸಿದ್ದರು. ಆದರೆ ಕೇಳುವ ಅಭ್ಯಾಸ ತವರೂರು ಶಿರ್ವದ ಅಂಗಳದ್ದು. ಅಲ್ಲಿ ತಾಯಿ ಸೂಸನ್ ಬಾಯಿ ಮಲ್ಲಿಗೆ ಬೆಳೆದು ಮಕ್ಕಳನ್ನು ಸಾಕಿದವರು. ಗಿಡದ ಎಲೆ ಹಳದಿಯಾದರೆ ಅವರು ಔಷಧಿ ಹುಡುಕುತ್ತಿರಲಿಲ್ಲ. ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನೀರು ನಿಂತಿದೆಯೇ, ಇರುವೆ ಹತ್ತಿದೆಯೇ, ಬೇರು ಕೊಳೆತಿದೆಯೇ ಎಂದು ಮಕ್ಕಳಿಂದಲೇ ಹೇಳಿಸುತ್ತಿದ್ದರು. "ಎಲೆ ನೋಡಿ ಗೊಬ್ಬರ ಹಾಕಿದ್ರೆ ಗಿಡ ಸಾಯ್ತದೆ ಅಂತಿದ್ದರು ಅಮ್ಮ. ನಾನು ಹೊಸತು ಎಂತ ಕಲಿಸುದು? ಅದನ್ನೇ ಹೇಳುದು" ಎನ್ನುತ್ತಾರೆ ಗ್ಲೆನಿಟಾ.

ಮಂಗಳೂರಿನಲ್ಲಿ ಡಿಪ್ಲೊಮಾ ಮುಗಿಸಿ ಗ್ಲೆನಿಟಾ ಇಲ್ಲಿಗೆ ಬಂದದ್ದು ೨೦೦೧ರಲ್ಲಿ. ಎಂಟು ವರ್ಷ ವಾರ್ಡಿನಲ್ಲಿ ದುಡಿದರು, ರೋಗಿಗಳ ಬಾಯಿಂದಲೇ ಅರಬಿ ಕಲಿತರು, ಆಮೇಲೆ ಶಿಕ್ಷಕಿಯಾದರು. ಈಗ ೨೦೧೪. ಈ ಸೆಪ್ಟೆಂಬರಿನಿಂದ ಡಿಗ್ರಿ ಇಲ್ಲದವರು ಕಲಿಸುವಂತಿಲ್ಲ ಎಂದು ಕಾಲೇಜು ತಿಳಿಸಿದೆ. ನೆಲದ ಮೇಲೆ ಕೂತಿರುವ ಈ ಆರು ಮಂದಿಯೇ ಇವರ ಕೊನೆಯ ತಂಡ.

ಮೈಂಡ್ ಮ್ಯಾಪ್ ಮಾತ್ರ ಉಳಿಯುತ್ತದೆ, ಬೇರೆ ರೂಪದಲ್ಲಿ. ಈಗ ಅದನ್ನು ನುಣುಪು ಕಾಗದದಲ್ಲಿ ಬಣ್ಣಬಣ್ಣವಾಗಿ ಅಚ್ಚು ಹಾಕಿಸಿದ್ದಾರೆ. ನಡುವಿನ ವೃತ್ತದಲ್ಲಿ ರೋಗದ ಹೆಸರು, ಸುತ್ತ ಮೊದಲೇ ಎಳೆದಿಟ್ಟ ಕೊಂಬೆಗಳು, ಕೊಂಬೆಯ ತುದಿಗೆ ತುಂಬಬೇಕಾದ ಖಾಲಿ ಜಾಗ. ಮಕ್ಕಳು ಒಬ್ಬರದನ್ನೊಬ್ಬರು ನೋಡಿ ಹತ್ತು ನಿಮಿಷದಲ್ಲಿ ತುಂಬಿ ಕೊಡುತ್ತಾರೆ. ತಪಾಸಣೆಗೆ ಬರುವವರಿಗೆ ಕಾಲೇಜು ಹೆಮ್ಮೆಯಿಂದ ತೋರಿಸುವುದು ಇದನ್ನೇ. "ಯೋಚನೆ ಮಾಡ್ಲಿಕ್ಕೆ ಅಂತ ತಂದದ್ದು. ಈಗ ಯೋಚನೆ ಮಾಡದೇ ಇರ್ಲಿಕ್ಕೆ ಅದೇ ಒಳ್ಳೆಯ ಉಪಾಯ ಆಗಿದೆ" ಎನ್ನುತ್ತಾರೆ ಗ್ಲೆನಿಟಾ. ಆ ಮಾತಿನಲ್ಲಿ ನಗು ಇಲ್ಲ.

ಅಚ್ಚಿನ ಹಾಳೆ ಹುಟ್ಟಿದ್ದಕ್ಕೂ ಒಂದು ಕಥೆಯಿದೆ. ಮೂರು ವರ್ಷದ ಹಿಂದೆ ಝೈನಬ ಎಂಬ ವಿದ್ಯಾರ್ಥಿನಿ ಇದೇ ಕೋಣೆಯಲ್ಲಿ ಕೂತಿದ್ದಳು. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಯುವಕನೊಬ್ಬ ಮತ್ತೆ ಮತ್ತೆ ನೋವೆಂದು ದಾಖಲಾಗುತ್ತಿದ್ದ. ನೋವು ಮರೆಸುವ ಸೂಜಿಮದ್ದಿನ ಆಸೆಗೆ ಬರುತ್ತಾನೆಂದು ವಾರ್ಡಿನವರ ತಾತ್ಸಾರ. ಝೈನಬ ಮಾತ್ರ ಅವನ ಮಾತನ್ನೇ ಹಾಳೆಯ ನಡುವೆ ಬರೆದಳು: ಇದು ನನ್ನ ಎಂದಿನ ನೋವಲ್ಲ. ಅಲ್ಲಿಂದ ಎಳೆದ ಗೆರೆ ಉಸಿರಿಗೆ ಹೋಯಿತು, ಉಸಿರಿನಿಂದ ಎದೆಗೆ. ಅವಳು ಎರಡು ಸಲ ಹೋಗಿ ಹೇಳಿದಳು. ವಾರ್ಡಿನ ಮುಖ್ಯಸ್ಥ ತಲೆಯನ್ನೇ ಎತ್ತಲಿಲ್ಲ. "ಮೊದಲು ಹಾಸಿಗೆ ಹಾಸಲು ಕಲಿ" ಎಂದ. ಇನ್ನೊಂದು ವಾರ್ಡಿನಲ್ಲಿದ್ದ ಗ್ಲೆನಿಟಾ ಬಂದು, ಹಾಳೆ ನೋಡಿ, ಡಾಕ್ಟರನ್ನು ಕರೆತರುವಷ್ಟರಲ್ಲಿ ಹೊತ್ತು ಮೀರಿತ್ತು. ಹುಡುಗ ಉಳಿಯಲಿಲ್ಲ.

ಆಮೇಲೆ ನಡೆದ ಸಭೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ರೋಗ ಪತ್ತೆ ಮಾಡಲು ವಿದ್ಯಾರ್ಥಿನಿಗೆ ಹೇಳಿದವರು ಯಾರು? ಮಿತಿ ಮೀರಿದಳೆಂದು ಝೈನಬಳ ಆ ವಾರ್ಡ್ ತರಬೇತಿಯ ಅವಧಿಯನ್ನೇ ರದ್ದು ಮಾಡಿದರು. ಅವಳು ಮತ್ತೆ ಮೊದಲಿಂದ ಮಾಡಬೇಕಾಯಿತು. ಇನ್ನು ಗೆರೆಗಳನ್ನು ಕಾಲೇಜೇ ಎಳೆದು ಕೊಡುತ್ತದೆ ಎಂದು ಅಚ್ಚಿನ ಹಾಳೆ ತಂದದ್ದೂ ಆ ಸಭೆಯ ಮೇಲೆಯೇ. ಯೋಚಿಸಿದವಳಿಗೆ ಪೆಟ್ಟು ಬೀಳದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದು ತರಗತಿಯಲ್ಲಿ ಮಾತು ಕೊಟ್ಟಿದ್ದ ಗ್ಲೆನಿಟಾ ಆ ಸಭೆಯಲ್ಲಿ ಕೂತೇ ಇದ್ದರು. ಬಾಯಿ ತೆರೆಯಲಿಲ್ಲ.

"ನನ್ನ ಗಂಡ ಎರಿಕ್‌ಗೆ ಅಸ್ಕರಿನ ಕಾರ್ಖಾನೆ ಕೆಲಸ ಹೋಗಿ ಆಗಷ್ಟೇ ಎರಡು ತಿಂಗಳು. ಮನೆಯವರೆಲ್ಲ ಇದ್ದದ್ದು ನನ್ನ ವೀಸಾದ ಮೇಲೆ" ಎನ್ನುತ್ತಾರೆ. ಮತ್ತೆ ತಾವೇ ಸೇರಿಸುತ್ತಾರೆ: "ಕಾರಣ ಎಲ್ಲರಿಗೂ ಇರ್ತದೆ. ಆ ಮುಖ್ಯಸ್ಥನಿಗೂ ಇದ್ದೀತು."

ಈಗ ಝೈನಬ ಇದೇ ವಾರ್ಡಿನ ಸ್ಟಾಫ್ ನರ್ಸ್. ಚುರುಕು, ಅಚ್ಚುಕಟ್ಟು, ಮಾತು ಕಡಿಮೆ. ಎದುರು ಸಿಕ್ಕರೆ ಸಲಾಂ ಹೇಳುತ್ತಾಳೆ. ಆದರೆ ಮಿಸ್ ಎನ್ನುವುದನ್ನು ಬಿಟ್ಟಿದ್ದಾಳೆ, ಸಿಸ್ಟರ್ ಎನ್ನುತ್ತಾಳೆ.

ಎಂಟು ಗಂಟೆಯ ಹೊತ್ತಿಗೆ ಸೌಜನ್ಯ ಎಂಬ ವಿದ್ಯಾರ್ಥಿನಿ ಓಡಿ ಬರುತ್ತಾಳೆ. ಮೈಸೂರಿನವರ ಮಗಳು, ಬೆಳೆದದ್ದೆಲ್ಲ ಇಲ್ಲೇ. "ಮಿಸ್, ನನ್ನ ಹಜ್ಜಿಯಾ ಇವತ್ತು ನಂಗೆ ಬೈಲೇ ಇಲ್ಲ!"

ಹಜ್ಜಿಯಾ ಎಂದರೆ ಕಾಲಿನ ಹುಣ್ಣಿಗೆ ದಾಖಲಾದ, ಸಕ್ಕರೆ ಕಾಯಿಲೆಯ ಮುದುಕಿ. ದಿನಾ ಚಹಾ ತಣ್ಣಗಾಯಿತೆಂದು ಕಂಡಕಂಡವರಿಗೆ ಬೈಯುವವಳು.

"ಬರಿ ಅದನ್ನೇ" ಎನ್ನುತ್ತಾರೆ ಗ್ಲೆನಿಟಾ.

ಸೌಜನ್ಯ ಹಾಳೆಯ ನಡುವೆ 'ಬೈಯಲಿಲ್ಲ' ಎಂದು ಬರೆದು ಗೆರೆ ಎಳೆಯುತ್ತಾಳೆ. ಯಾಕೆ? ಮಂಪರು. ಹಣೆಯಲ್ಲಿ ಬೆವರು. ಏಸಿ ಇರುವಾಗ ಬೆವರು ಯಾಕೆ? ಬೆಳಿಗ್ಗೆ ಇನ್ಸುಲಿನ್ ಆಗಿದೆ. ತಿಂಡಿ? ತಟ್ಟೆಯ ಮುಚ್ಚಳ ತೆರೆದೇ ಇಲ್ಲ. ಯಾಕೆ ತಿನ್ನಲಿಲ್ಲ? ಹುಡುಗಿಯ ಪೆನ್ನು ನಿಲ್ಲುತ್ತದೆ. "ಅಯ್ಯೋ ಮಿಸ್, ಹಲ್ಲಿನ ಸೆಟ್ಟೇ ಇಲ್ಲ. ರಾತ್ರಿ ಊಟದ ಟ್ರೇ ಜೊತೆ ಹೋಗಿರ್ಬೇಕು!"

"ಓಡು, ಹೇಳು."

ಅವಳು ಹೇಳುವುದು ಕೋಣೆಯ ಬಾಗಿಲಿಗೂ ಕೇಳುತ್ತದೆ. ಫೈಲು ತುಂಬುತ್ತಿರುವ ಝೈನಬ ತಲೆ ಎತ್ತುವುದಿಲ್ಲ. "ಮಗಳು ಬರಲಿಲ್ಲ ಅಂತ ಅಜ್ಜಿಗೆ ಮುನಿಸು, ಅಷ್ಟೆ. ಮೊದಲು ಹಾಸಿಗೆ ಹಾಸಲು ಕಲಿ ಹಬೀಬ್ತಿ."

ಹಬೀಬ್ತಿ ಎಂಬ ಅರಬಿ ಮುದ್ದುಮಾತೊಂದು ಹೆಚ್ಚು, ಉಳಿದದ್ದು ಅದೇ ಮಾತು. ಗ್ಲೆನಿಟಾ ಬಾಗಿಲು ದಾಟಿ ಹೋಗಿ ಹುಡುಗಿಯ ಪಕ್ಕ ನಿಲ್ಲುತ್ತಾರೆ. "ಬರೆಯಲು ಹೇಳಿದ್ದು ನಾನು, ಝೈನಬ. ಬೈಯುವುದಿದ್ದರೆ ನನಗೆ ಬೈ. ಮೊದಲು ಅಜ್ಜಿಯನ್ನು ನೋಡು."

ಝೈನಬ ಸೌಜನ್ಯಳ ಕೈಯಲ್ಲಿರುವ ಹಾಳೆಯನ್ನು ನೋಡುತ್ತಾಳೆ, ಆಮೇಲೆ ಗ್ಲೆನಿಟಾ ಅವರನ್ನು. "ಅವತ್ತು ನೀವು ನನ್ನ ಪಕ್ಕ ಹೀಗೆ ನಿಂತಿರಲಿಲ್ಲ, ಮಿಸ್."

"ಇಲ್ಲ. ನಿಂತಿರಲಿಲ್ಲ."

ಝೈನಬ ಹಾಸಿಗೆಯ ಬಳಿಗೆ ಹೋಗಿ ಬೆರಳು ಚುಚ್ಚಿ ನೋಡುತ್ತಾಳೆ. ಸಕ್ಕರೆ ತೀರಾ ಕೆಳಗಿಳಿದಿದೆ. ಡಾಕ್ಟರಿಗೆ ಫೋನು, ಕೈಯಲ್ಲಿ ಹಣ್ಣಿನ ರಸ. ಮುದುಕಿಯನ್ನು ಎತ್ತಿ ಕೂರಿಸಿ, ಗುಟುಕು ಗುಟುಕಾಗಿ ತಾನೇ ಕುಡಿಸುತ್ತಾಳೆ. ಕೊಂಚ ಹೊತ್ತಿನಲ್ಲಿ ಮುದುಕಿ ಕಣ್ಣು ಬಿಟ್ಟು, ಚಹಾ ಎಲ್ಲಿ ಎಂದು ಸೌಜನ್ಯಳಿಗೆ ಬೈಯತೊಡಗುತ್ತಾಳೆ.

ರೋಗಿಯ ವಿವರವಿರುವ ಹಾಳೆ ವಾರ್ಡಿನಿಂದ ಹೊರಗೆ ಹೋಗಕೂಡದು. ಝೈನಬ ಕ್ಯಾಲೆಂಡರನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕುತ್ತಾಳೆ. "ನಿಯಮ, ಸಿಸ್ಟರ್" ಎಂದು ಮುಂದಿನ ಹಾಸಿಗೆಗೆ ನಡೆಯುತ್ತಾಳೆ.

ಗ್ಲೆನಿಟಾ ಬಟ್ಟೆ ಕೋಣೆಗೆ ಮರಳಿ, ಉಳಿದ ಹಾಳೆಗಳನ್ನು ಒಂದೊಂದಾಗಿ ಸುರುಳಿ ಸುತ್ತುತ್ತಾರೆ.

"ಝೈನಬ ಸರಿಯಾಗಿಯೇ ಮಾಡಿದ್ಳು" ಎನ್ನುತ್ತಾರೆ. "ಎದುರು ನಿಂತು ಒಂದು ಸಲ ನನಗೆ ಬೈದಿದ್ದರೆ ಅವಳ ಸಾಲ ಅರ್ಧವಾದರೂ ತೀರ್ತಿತ್ತು. ಬೈಲಿಲ್ಲ ಮಾರಾಯ್ರೆ. ಸೆಪ್ಟೆಂಬರಿಗೆ ನಾನು ಹೋಗ್ತೇನೆ. ಬಾಕಿ ಇಲ್ಲೇ ಇರ್ತದೆ."