ಹೊಳೆ ದಾಟಿಸಿದ ಬೆಕ್ಕು

“ಗೀರು ಸಣ್ಣದೇ ಕಣಮ್ಮ, ಆದ್ರೆ ರಕ್ತ ಬಂದಿದೆ. ಇವತ್ತೇ ಹೊಟ್ಟೆಗೆ ಇಂಜೆಕ್ಷನ್ ಶುರು ಮಾಡೋಣ. ಹತ್ತು ದಿನ ಬೆಕ್ಕು ಹುಚ್ಚು ಹಿಡೀದೆ ಚೆನ್ನಾಗಿದ್ರೆ ಆಮೇಲೆ ನಿಲ್ಲಿಸಬಹುದು. ಬೆಕ್ಕೆಲ್ಲಿ?” ಎಂದು ಡಾಕ್ಟರು ಕೇಳಿದಾಗ ನನ್ನ ಅತ್ತೆ ತಲೆ ತಗ್ಗಿಸಿದರು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಾನು ಶಿರಂಗಾಲಕ್ಕೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತಷ್ಟೆ. ಹಾಲಿಗೆ ಬಾಯಿ ಹಾಕಿದ ಮನೆಯ ಬೆಕ್ಕನ್ನು ಓಡಿಸಲು ಹೋಗಿ ಪರಚಿಸಿಕೊಂಡಿದ್ದೆ. ನಮ್ಮಲ್ಲಿ ತಪ್ಪು ಮಾಡಿದ ಬೆಕ್ಕನ್ನು ಹೊಡೆಯುವುದಿಲ್ಲ, ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬರುತ್ತಾರೆ. ನೀರು ದಾಟಿದ ಬೆಕ್ಕಿಗೆ ಮನೆಯ ದಾರಿ ಸಿಗುವುದಿಲ್ಲವಂತೆ. ಸೊಸೆಗೆ ಪರಚಿತಲ್ಲ ಎಂಬ ಸಿಟ್ಟಿಗೆ ಅತ್ತೆ ಬೆಳಿಗ್ಗೆಯೇ ಆ ಕೆಲಸ ಮುಗಿಸಿದ್ದರು. ಕಾವೇರಿಯ ಆಚೆ ದಡವೆಂದರೆ ಮೈಸೂರು ರಾಜ್ಯ. ಬೆಕ್ಕು ಸಿಗದಿದ್ದರೆ ನನಗೆ ಹದಿನಾಲ್ಕು ಇಂಜೆಕ್ಷನ್ನೂ ತಪ್ಪುವಂತಿರಲಿಲ್ಲ.

ಮಾರನೆಯ ದಿನ ಅತ್ತೆ ಒಬ್ಬರೇ ತೆಪ್ಪ ಹತ್ತಿ ಆಚೆ ಹೋದರು. ಸಂಜೆ ಮರಳಿದಾಗ ಚೀಲದೊಳಗೆ ಬೆಕ್ಕು ಅರಚುತ್ತಿತ್ತು. ಅತ್ತೆ ಮಾತ್ರ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆಯಲೇ ಇಲ್ಲ. ನಾನೇ ಸೆರಗು ಸರಿಸಿದೆ. ಮುಂಗೈ ತುಂಬ ಪರಚಿದ ಗಾಯ. ನನ್ನದು ಅದರ ಮುಂದೆ ಏನೂ ಅಲ್ಲ.

“ಸುಮ್ನಿರವ್ವ. ನಿನ್ನೊಬ್ಳನ್ನೇ ಚುಚ್ಚಿಸ್ಕೊಂಡು ಬಾ ಅಂತ ಹೆಂಗೆ ಕಳಿಸ್ಲಿ? ನಾಳೆಯಿಂದ ನಂಗೂ ಹಾಕ್ಲಿ, ಜೊತೇಲೇ ಹೋಗಾನ,” ಎಂದರು.

ಹತ್ತು ದಿನ ಕಳೆದರೂ ಬೆಕ್ಕಿಗೆ ಏನೂ ಆಗಲಿಲ್ಲ. ಹಾಲು ಕುಡಿದು ಒಲೆಯ ಬಳಿ ಹಾಯಾಗಿ ಮಲಗಿತು. ನಮ್ಮಿಬ್ಬರ ಇಂಜೆಕ್ಷನ್ನೂ ನಿಂತಿತು. ನನ್ನ ಗೀರು ಎಲ್ಲಿತ್ತೆಂದು ಈಗ ಹುಡುಕಿದರೂ ಸಿಗುವುದಿಲ್ಲ. ಅತ್ತೆ ತೀರಿಕೊಂಡ ದಿನ ಅವರಿಗೆ ಬಳೆ ತೊಡಿಸಿದವಳು ನಾನೇ. ಮುಂಗೈಯ ಬಿಳಿ ಗೆರೆಗಳು ಹಾಗೇ ಇದ್ದವು.