ತಂಗೆವ್ವ ಕೆರೆದ ಕಲ್ಲು

ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ತಂಗೆವ್ವನಿಗೆ ಮೈ ಉರಿಯುತ್ತಿತ್ತು. ಅಂಗಳದ ಕಸ ಹೊಡೆಯಲು ನಿಂತರೆ ನೆರೆಮನೆಯವರ ಅಂಗಳವನ್ನೂ ಹೊಡೆದು ಬರುವವಳು. ಕುರಿಯ ಉಣ್ಣೆ ಕತ್ತರಿಸುವುದು ಗಂಡಸರ ಕೆಲಸ, ನಿಜ. ಆದರೆ ಗಂಡ ಹಾಲಸಿದ್ದಪ್ಪ ಕತ್ತರಿಸಿ ಬಿಟ್ಟ ಕುರಿಯ ಹೊಟ್ಟೆಯ ಕೆಳಗೆ ನಾಲ್ಕು ಎಳೆ ಉಳಿದಿದ್ದರೂ ಸಾಕು, ಅವನ ಕೈಯಿಂದ ಕತ್ತರಿ ಕಸಿದುಕೊಂಡು ತಾನೇ ಪೂರೈಸಿ ಏಳುತ್ತಿದ್ದಳು.

"ಕತ್ತರಸಿದ್ರ ಚರ್ಮ ಕಾಣೂ ಹಂಗ ಕತ್ತರಸ್ಬೇಕು. ಅಂದ್ರ ಮುಂದಿನ ಉಣ್ಣಿ ದಟ್ಟ ಬರತೈತಿ" ಎನ್ನುವುದು ಅವಳ ಸಿದ್ಧಾಂತ. ಕುರಿಯ ಮಟ್ಟಿಗೆ ಆ ಮಾತು ತಪ್ಪೇನೂ ಅಲ್ಲ. ಅದನ್ನೇ ಒಯ್ದು ಕಲ್ಲಿಗೂ ಹಚ್ಚಿದಳು, ಅಲ್ಲಿ ಕೆಟ್ಟಿತು.

ಬೀಳಗಿ ಕಡೆಯ ಗುಡ್ಡದ ಬುಡದಲ್ಲಿ ಹದಿನೈದು ಮನೆಗಳ ಹಟ್ಟಿ ಅವರದು. ಎಲ್ಲರೂ ಬೀರೇಶ್ವರನ ಒಕ್ಕಲು, ಎಲ್ಲರ ಮನೆಯಲ್ಲೂ ಕುರಿ, ಎಲ್ಲರ ಮನೆಯಲ್ಲೂ ಕಂಬಳಿಯ ಮಗ್ಗ. ಆದರೆ ಊರವರ ಕಂಬಳಿ ಬರೀ ಕರಿಯದಾದರೆ, ತಂಗೆವ್ವನ ಮನೆಯ ಕಂಬಳಿಗೆ ಮಾತ್ರ ನಾಲ್ಕು ಬೆರಳಗಲದ ಕೆಂಪಂಚು, ಅವರ ಮಾತಿನಲ್ಲಿ ದಡಿ, ಇರುತ್ತಿತ್ತು. ಆ ಕೆಂಪು ಕುಂಕುಮದ ಕೆಂಪಲ್ಲ. ಮಾಗಿದ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ಹತ್ತಿರ. ಬೇರು, ತೊಗಟೆ, ಹೂವು ಯಾವುದರಿಂದಲೂ ಅದು ಬರುತ್ತಿರಲಿಲ್ಲ. ಕಲ್ಲಿನಿಂದ ಬರುತ್ತಿತ್ತು.

ಮಸಾಲೆಗೆ ಹಾಕುವ ಕಲ್ಲುಹೂವು ಎಲ್ಲರಿಗೂ ಗೊತ್ತು. ಅದು ಎಲೆಯ ಹಾಗೆ ಅರಳಿಕೊಂಡಿರುತ್ತದೆ, ಎಳೆದರೆ ಕಿತ್ತು ಬರುತ್ತದೆ. ಇದು ಅದರ ಬಡ ತಂಗಿ. ಎಲೆ ಇಲ್ಲ, ದಂಟು ಇಲ್ಲ, ಬೇರಿಲ್ಲ. ಬಂಡೆಯ ಮೇಲೆ ಗಂಜಿ ಚೆಲ್ಲಿ ಒಣಗಿದಂತೆ ಬೂದು ಬಿಳುಪಾಗಿ, ದುಂಡಗೆ ಹರಡಿಕೊಂಡು, ಒಣಗಿದ ಕೆರೆಯಂಗಳದಂತೆ ಸೀಳು ಸೀಳಾಗಿರುತ್ತದೆ. ಕಲ್ಲು ಯಾವುದು, ಇದು ಯಾವುದು ಎಂದು ಬೇರೆ ಮಾಡಲಾಗದಷ್ಟು ಅಂಟಿಕೊಂಡಿರುತ್ತದೆ. ಉಗುರಿಗೆ ಏಳುವುದಿಲ್ಲ, ಕುಡುಗೋಲಿನ ಮೊನೆಯೇ ಬೇಕು. ಗಾಯ ಮಾಯುವಾಗ ಕಟ್ಟುವ ಹಕ್ಕಳೆಯ ಹಾಗಿರುವುದರಿಂದ ಅವರ ಮನೆಯಲ್ಲಿ ಅದಕ್ಕೆ ಕಲ್ಲಿನ ಹಕ್ಕಳೆ ಎಂದೇ ಹೆಸರು. ಮಧ್ಯಾಹ್ನದ ಬಿಸಿಲು ಬೀಳದ ಬಡಗಣ ಮೈಯಲ್ಲಿ ಮಾತ್ರ ಅದು ಚೆನ್ನಾಗಿ ಹರಡುತ್ತದೆ. ಮೊದಲ ಮಳೆಗೆ ಮೆತ್ತಗಾಗಿ ಹಸಿರು ಛಾಯೆ ತಿರುಗಿದಾಗ ಕೆರೆದು, ಕುಟ್ಟಿ, ಗಡಿಗೆಗೆ ಹಾಕಿ, ಹಳೆಯ ಗಂಜಲ ಸುರಿದು ದಿನಾ ತಿರುವಬೇಕು. ಇಪ್ಪತ್ತು ದಿನ ಇಡೀ ಮನೆ ನಾರುತ್ತದೆ. ಇಪ್ಪತ್ತೊಂದನೆಯ ದಿನಕ್ಕೆ ಆ ಕೊಳಕು ನೀರು ಕೆಂಪಗೆ ತಿರುಗಿದ್ದನ್ನು ನೋಡಿದರೆ ನಾತವೆಲ್ಲ ಮರೆತುಹೋಗುತ್ತದೆ.

ಈ ವಿದ್ಯೆ ಅತ್ತೆಯಿಂದ ಸೊಸೆಗೆ ಬರುವಂಥದು. ತಂಗೆವ್ವನಿಗೆ ಕಲಿಸಿದವಳು ಅತ್ತೆ ಸುಂದರವ್ವ. ಗುಡ್ಡದಲ್ಲಿ ಹಕ್ಕಳೆ ಕಟ್ಟಿದ ಕಲ್ಲುಗಳು ಏಳು. ಸುಂದರವ್ವನ ಕಟ್ಟಳೆ ಏನೆಂದರೆ, ವರ್ಷಕ್ಕೆ ಒಂದೇ ಕಲ್ಲು, ಅದರಲ್ಲಿ ಎರಡೇ ಅಂಗೈಯಗಲ. ಒಬ್ಬಳು ಕೆರೆದ ಜಾಗವನ್ನು ಅವಳ ಸೊಸೆ ಮುಟ್ಟುವಂತಿಲ್ಲ. ಅದು ಸೊಸೆಯ ಸೊಸೆಗೆ. ಅಷ್ಟರಲ್ಲಿ ವರ್ಷಕ್ಕೆ ಒಂದೋ ಎರಡೋ ಕಂಬಳಿಯ ಅಂಚಿಗಾಗುವಷ್ಟು ಬಣ್ಣ. ತಂಗೆವ್ವ ಹೊಸದಾಗಿ ಬಂದಾಗ ಯಾಕೆ ಹೀಗೆ ಎಂದು ಕೇಳಿದ್ದಳು.

"ಯಾಕ ಅಂದ್ರ? ನಾ ಹೇಳೇನಿ ಅಂತ" ಎಂದು ಸುಂದರವ್ವ ಮೋರೆ ತಿರುವಿದ್ದಳು. ಅತ್ತೆಯದು ಜಿಪುಣ ಕೈ ಎಂದು ಸೊಸೆ ತಿಳಿದುಕೊಂಡಳು.

ಇನ್ನೊಂದು ಪದ್ಧತಿಯೂ ಆ ಮನೆಯಲ್ಲಿತ್ತು. ಬಣ್ಣ ಹಾಕುತ್ತಿದ್ದ ಹೆಂಗಸು ತೀರಿಕೊಂಡರೆ, ಅವಳ ಸೊಸೆ ತನ್ನ ಕೈಯಾರೆ ಬಣ್ಣ ಹಾಕಿದ ಕೆಂಪಂಚಿನ ಕಂಬಳಿ ಹೊಚ್ಚಿಯೇ ಮಣ್ಣು ಮಾಡಬೇಕು. ಸುಂದರವ್ವ ತನ್ನ ಅತ್ತೆಗೆ ಹಾಗೆ ಹೊಚ್ಚಿ ಕಳಿಸಿದ್ದಳು. ತನ್ನದೂ ಹಾಗೆಯೇ ಆಗಬೇಕು ಎನ್ನುವುದೊಂದೇ ಅವಳ ಆಸೆ. ಹಬ್ಬಕ್ಕೆ ಹೊಸ ಸೀರೆಯನ್ನೂ ಕೇಳದ ಮುದುಕಿ, ಅದೊಂದನ್ನು ಮಾತ್ರ ಆಗಾಗ ನೆನಪಿಸುತ್ತಿದ್ದಳು.

ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೂರನೆಯ ವರ್ಷ. ಊರೂರು ತಿರುಗಿ ಕೈಕಸಬಿನ ಸಾಮಾನು ಆರಿಸುವ ಕೆಲಸದ ಮೇಲೆ ಕೃಷ್ಣಾಜಿಪಂತರು ಎನ್ನುವ ಕಾರಕೂನರು ಹಟ್ಟಿಗೆ ಬಂದರು. ಮೊದಲು ಸಂಸ್ಥಾನದ ದಫ್ತರದಲ್ಲಿದ್ದವರು, ಕರಿ ಟೊಪ್ಪಿಗೆ, ಮೆತ್ತನೆಯ ಮಾತು. ಕಂಬಳಿಯ ಅಂಚನ್ನು ಬಿಸಿಲಿಗೆ ಹಿಡಿದು ಅವರು ತಿರುಗಿಸಿ ತಿರುಗಿಸಿ ನೋಡಿದರು.

"ತಂಗೆವ್ವಾ, ಹಿಂಥಾ ಬಣ್ಣ ನಾ ಎಲ್ಲೂ ನೋಡಿಲ್ಲ. ಇಪ್ಪತ್ತೈದು ಕಂಬಳಿ ಮಾಡಿ ಕೊಡ್ರಿ. ಮುಂಬಯಿ ಪ್ರದರ್ಶನಕ್ಕ ಕಳಸ್ತೀನಿ, ನಿಮ್ಮ ಹೆಸರು ಹಚ್ಚಿ."

ಅಲ್ಲಿಯವರೆಗೆ ತಂಗೆವ್ವನ ಹೆಸರು ರೇಶನ್ ಕಾರ್ಡನ್ನು ಬಿಟ್ಟರೆ ಇನ್ನೆಲ್ಲೂ ಹೋಗಿರಲಿಲ್ಲ. ಅವಳ ಎದೆ ಹಿಗ್ಗಿಬಿಟ್ಟಿತು. ಪಂತರು ಮಾತ್ರ ತಿಳಿದ ಮನುಷ್ಯರು, ಒಂದು ಮಾತು ಕೇಳಿಯೇ ಕೇಳಿದರು.

"ಇದು ಕೆರದ್ರ ಮತ್ತ ಬೆಳೀತದೋ, ಹೆಂಗ?"

"ಕುರಿ ಕತ್ತರಸಿದ್ರ ಉಣ್ಣಿ ಬರೂದಿಲ್ಲೇನ್ರಿ ಸಾಹೇಬರ? ಹಂಗ ಬರತೈತಿ. ಪೂರಾ ಕೆರದ್ರ ಇನ್ನೂ ದಟ್ಟ ಬರತೈತಿ" ಎಂದಳು ತಂಗೆವ್ವ. ಅಷ್ಟು ಖಾತ್ರಿಯಿಂದ ಹೇಳಿದ ಮೇಲೆ ಜಮಖಂಡಿಯ ಕಾರಕೂನರು ಏನು ಮಾಡಬೇಕು, ನಂಬಿದರು.

ಆ ಮಳೆಗಾಲದಲ್ಲಿ ಸುಂದರವ್ವ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಸಾವಳಗಿಗೆ ಹೋಗಿದ್ದಳು. ತಂಗೆವ್ವ ಕುಡುಗೋಲು ಮಸೆದುಕೊಂಡು ಗುಡ್ಡ ಹತ್ತಿದಳು. ಮೊದಲನೆಯ ಕಲ್ಲು ಮುಗಿಯಿತು, ಎರಡನೆಯದು ಮುಗಿಯಿತು. ಐದನೆಯ ಕಲ್ಲಿಗೆ ಬೇಕಾದಷ್ಟು ಆಗಿಯೇ ಹೋಗಿತ್ತು. ಆದರೆ ಏಳರಲ್ಲಿ ಐದು ಬೋಳಾಗಿ ಎರಡು ಮಾತ್ರ ಚುಕ್ಕೆ ಚುಕ್ಕೆಯಾಗಿ ಉಳಿದದ್ದು ಅವಳ ಕಣ್ಣಿಗೆ ಅರ್ಧ ಕತ್ತರಿಸಿದ ಕುರಿಯ ಹಾಗೆ ಕಂಡಿತು. ಅವನ್ನೂ ಕೆರೆದಳು. ಹನ್ನೆರಡು ದಿನಕ್ಕೆ ಏಳೂ ಕಲ್ಲು ನುಣ್ಣಗಾದವು. ಮನೆಗೆ ಬಂದು ಹಾಲಸಿದ್ದಪ್ಪನಿಗೆ, "ಛಲೋ ಆತು ನೋಡು, ಇನ್ನ ಮುಂದಿನ ವರ್ಷ ಒಂದ ಸಮ ಬರತೈತಿ" ಎಂದು ಖುಷಿಯಿಂದ ಹೇಳಿಕೊಂಡಳು. ಹೆಚ್ಚಾದದ್ದನ್ನೂ ಅದೇ ಗಡಿಗೆಗೆ ಸುರಿದಳು, ಅತ್ತೆಯ ಕಂಬಳಿಗೆಂದು ಒಂದು ಹಿಡಿಯನ್ನಾದರೂ ಎತ್ತಿಡಲಿಲ್ಲ. ಮುಂದಿನ ವರ್ಷ ಬರುತ್ತದಲ್ಲ!

ಕಂಬಳಿಗಳು ಮುಂಬಯಿಗೆ ಹೋದವು. ದೀಪಾವಳಿಯ ಹೊತ್ತಿಗೆ ಪಂತರು ಮೆಚ್ಚುಗೆಯ ಕಾಗದ ತಂದು ಓದಿ ಹೇಳಿದರು. ಅದರಲ್ಲಿ ತಾಲೂಕಿನ ಹೆಸರಿತ್ತು, ಜಿಲ್ಲೆಯ ಹೆಸರಿತ್ತು. ತಂಗೆವ್ವ ಇನ್ನೂ ಇದೆಯೇನೋ ಎಂದು ಕಾದಳು. ಪಂತರು ಕಾಗದ ಮಡಿಸಿ, "ನಾ ಬರದು ಕಳಿಸಿದ್ದೆವ್ವ. ಅಲ್ಲಿ ಯಾರೋ ಬಿಟ್ಟಾರ" ಎಂದು ತಲೆ ತಗ್ಗಿಸಿದರು.

ಮುಂದಿನ ಮಳೆ ಬಂತು. ಕಲ್ಲು ಬೋಳಾಗಿಯೇ ಇತ್ತು. ಮಳೆ ಸಾಲಲಿಲ್ಲವೇನೋ ಎಂದುಕೊಂಡಳು. ಅದರ ಮುಂದಿನ ವರ್ಷ ಬೇಕಾದಷ್ಟು ಮಳೆಯಾಯಿತು. ಆಗಲೂ ಕಲ್ಲು ಬೋಳು. ಈಗ ಅವಳಿಗೆ ಅಳುಕು ಹುಟ್ಟಿ, ಜಮಖಂಡಿಗೆ ಸಂತೆಗೆ ಹೋದಾಗ ಪಂತರ ಮನೆ ಹುಡುಕಿಕೊಂಡು ಹೋದಳು. ಅವರು ಎಲ್ಲಿಯೋ ಓದಿದ್ದರಂತೆ: ಉಳಿದ ಚೂರು ಇದ್ದರೆ ಪುಡಿ ಮಾಡಿ, ಮಜ್ಜಿಗೆಯಲ್ಲಿ ಕದಡಿ, ಕಲ್ಲಿಗೆ ಬಳಿದು ತಂಪಾಗಿಟ್ಟರೆ ಹತ್ತಿದರೂ ಹತ್ತಬಹುದು. ತಂಗೆವ್ವ ಗಡಿಗೆಯ ಕಂಠಕ್ಕೆ ಅಂಟಿದ್ದನ್ನೂ ಒರಳಿನ ಸಂದಿಯಲ್ಲಿದ್ದದ್ದನ್ನೂ ಕೆದಕಿ ಪುಡಿ ಮಾಡಿದಳು. ಹೊಲ ಬಿತ್ತುವವಳ ಶ್ರದ್ಧೆಯಿಂದ ಏಳೂ ಕಲ್ಲಿಗೆ ಮಜ್ಜಿಗೆ ಬಳಿದು ಬಂದಳು. ಮರುದಿನ ಹೋಗಿ ನೋಡಿದರೆ ಹಟ್ಟಿಯ ಕುರಿಗಳೆಲ್ಲ ಅಲ್ಲಿಯೇ ಸೇರಿ ಮಜ್ಜಿಗೆಯನ್ನು ಸವಿದು ನೆಕ್ಕುತ್ತಿದ್ದವು. ಎರಡನೆಯ ಸಲ ಬಳಿದು ಸುತ್ತ ಮುಳ್ಳಿನ ಬೇಲಿ ಹಚ್ಚಿದಳು, ಇರುವೆ ಹತ್ತಿದವು. ಮೂರನೆಯ ಸಲ ಪಾಚಿ ಬಂತು, ಬಿಸಿಲಿಗೆ ಒಣಗಿ ಉದುರಿತು.

ನಾಲ್ಕನೆಯ ಕಲ್ಲಿನ ಸೀಳಿನೊಳಗೆ, ಕುಡುಗೋಲು ಹೋಗದ ಕಡೆ, ಹೆಬ್ಬೆರಳ ಉಗುರಿನಷ್ಟು ಹಕ್ಕಳೆ ಉಳಿದುಕೊಂಡಿತ್ತು. ಅವಳು ದಬ್ಬಣದಿಂದ ಅದರ ಅಂಚಿಗೆ ಸರಿಯಾಗಿ ಒಂದು ಗೆರೆ ಕೊರೆದಿದ್ದಳು. ಮೂರು ವರ್ಷ ಕಳೆದು ನೋಡಿದಾಗ ಅದು ಗೆರೆಯನ್ನು ದಾಟಿತ್ತು. ಎಷ್ಟು ಎಂದರೆ, ಒಂದು ಜೋಳದ ಕಾಳನ್ನು ಅಲ್ಲಿಟ್ಟರೆ ಕಾಳೇ ದೊಡ್ಡದಾಗುತ್ತಿತ್ತು. ಅಂಗೈಯಗಲ ಆಗಬೇಕಾದರೆ ಎಷ್ಟು ವರ್ಷ ಬೇಕು ಎಂದು ಲೆಕ್ಕ ಹಾಕಲು ಅವಳಿಗೆ ಸಾಲಿ ಕಲಿತಿರಬೇಕಾಗಿರಲಿಲ್ಲ. ತಾನು ಹನ್ನೆರಡು ದಿನದಲ್ಲಿ ಕೆರೆದು ಹಾಕಿದ್ದು ತನ್ನ ಅತ್ತೆಯ ಅತ್ತೆ, ಅವಳ ಅತ್ತೆ, ಹೆಸರೂ ಗೊತ್ತಿಲ್ಲದ ಎಷ್ಟೋ ಹೆಂಗಸರು ಕೈ ಬಿಗಿಹಿಡಿದು ಉಳಿಸಿದ್ದನ್ನು. ಅವಳು ಕಲ್ಲಿನ ಬುಡದಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವಳಿಗೆ ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ದೀಪಾವಳಿ ಕಳೆದು ಸಾವಳಗಿಯಿಂದ ಬಂದಾಗಲೇ ಸುಂದರವ್ವನ ಕಣ್ಣಿಗೆ ಪೊರೆ ಬಂದಿತ್ತು. ಗುಡ್ಡ ಹತ್ತುವ ಕಸುವೂ ಇರಲಿಲ್ಲ. ಪ್ರತಿ ಮಳೆಗಾಲದಲ್ಲಿ ಕೇಳುತ್ತಿದ್ದಳು, "ನನ್ನ ಕಂಬಳಿ ಮಾಡಿ ಇಟ್ಟೀಯೇನ ತಂಗೆವ್ವಾ? ಇದ್ದಾಗ ಒಮ್ಮೆ ಮುಟ್ಟಿ ನೋಡತೇನಿ." ಪ್ರತಿ ಮಳೆಗಾಲದಲ್ಲಿ ತಂಗೆವ್ವ, "ಮಾಡಾಕತ್ತೇನಿ ಅತ್ತಿ" ಎನ್ನುತ್ತಿದ್ದಳು.

ಐದನೆಯ ವರ್ಷ ಮುದುಕಿ ಹಾಸಿಗೆ ಹಿಡಿದಳು. ಇನ್ನು ತಡ ಮಾಡುವಂತಿರಲಿಲ್ಲ. ತಂಗೆವ್ವ ಮಗ ಸಾಬಣ್ಣನನ್ನು ರಬಕವಿಗೆ ಕಳಿಸಿ, ಸೀರೆಯ ನೂಲಿಗೆ ಹಾಕುವ ಡಬ್ಬಿ ಬಣ್ಣ ತರಿಸಿದಳು. ಕುದಿಯುವ ನೀರಿಗೆ ಎರಡು ಚಿಟಿಕೆ. ಬೆಳಗಿನಿಂದ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಇಪ್ಪತ್ತು ದಿನದ ನಾತವೂ ಇಲ್ಲ, ತಿರುವುವ ಕೆಲಸವೂ ಇಲ್ಲ. ಕಂಬಳಿ ಸಿದ್ಧವಾದಾಗ ಅದನ್ನು ಒಯ್ದು ಅತ್ತೆಯ ತೊಡೆಯ ಮೇಲಿಟ್ಟಳು.

ಸುಂದರವ್ವ ಅಂಚನ್ನು ಬೆರಳಿನಿಂದ ಸವರಿದಳು. ಮೂಗಿಗೆ ಹಿಡಿದಳು. ಇನ್ನೊಮ್ಮೆ ಹಿಡಿದಳು.

"ಇದು ಕಲ್ಲಿಂದಲ್ಲ" ಎಂದಳು.

ಸುಳ್ಳು ಹೇಳಲು ತಂಗೆವ್ವನಲ್ಲಿ ಇನ್ನು ತ್ರಾಣ ಉಳಿದಿರಲಿಲ್ಲ. "ಎಲ್ಲಾ ಕೆರದೆ ಅತ್ತಿ. ಏಳೂ ಕಲ್ಲು. ನೀ ಸಾವಳಗಿಗೆ ಹೋದಾಗ. ಮತ್ತ ಬರತೈತಿ ಅಂತ ತಿಳದೆ."

ಬೈಗುಳಕ್ಕಾಗಿ ಅವಳು ಕಾದು ಕೂತಳು. ಮುದುಕಿ ಬೈಯಲಿಲ್ಲ.

"ಹೊಂಡದ ಮ್ಯಾಲ ಒಂದು ಕಲ್ಲೈತೆಲ್ಲ, ನೀ ಕುಳ್ಳು ಬಡಿಯೂದು?"

"ಹೂಂ."

"ಅದೂ ಹಕ್ಕಳಿ ಕಲ್ಲ. ಎಂಟನೇದು. ಸರದಾರರ ಮನಿ ಲಗ್ನಕ್ಕ ಕಂಬಳಿ ಬೇಕಂದ್ರು. ನನಗಾಗ ಇಪ್ಪತ್ತು ವರ್ಷ. ಮೂರು ದಿನದಾಗ ಬೋಳಿಸಿ ಒಗದೆ. ಬರತೈತಿ, ಬರತೈತಿ ಅಂತ ನಾನೂ ಕಾದೆ."

ಇಪ್ಪತ್ತೆರಡು ವರ್ಷದಿಂದ ಆ ಕಲ್ಲಿನ ಮೇಲೆ ತಂಗೆವ್ವ ಸಗಣಿಯ ಕುಳ್ಳು ತಟ್ಟಿದ್ದಳು. "ಮತ್ತ ನನಗ್ಯಾಕ ಹೇಳಲಿಲ್ಲ ಅತ್ತಿ?"

"ನಾಚಿಕಿ ಬಂತವ್ವ. ಅತ್ತಿ ಅನಿಸಿಕೊಂಡಾಕಿ ಸೊಸಿ ಮುಂದ ಹ್ಯಾಂಗ ಹೇಳಲಿ? ಹೇಳಿದ್ರ ನೀ ಉಳಸ್ತಿದ್ದಿ." ಮುದುಕಿ ಕಂಬಳಿಯನ್ನು ತಾನೇ ಮಡಿಸಿ ತಲೆದೆಸೆಗೆ ಇಟ್ಟುಕೊಂಡಳು. "ಇರಲಿ. ಇದನ್ನ ಹೊಚ್ಚು."

ಮೂರನೆಯ ದಿನ ಅವಳು ತೀರಿಕೊಂಡಳು. ಡಬ್ಬಿ ಬಣ್ಣದ ಗುಲಾಬಿ ಅಂಚು ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿತ್ತು. ಹಟ್ಟಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಣ್ಣು ಮಾಡಿ ಬಂದವರು ಇನ್ನೂ ಕಟ್ಟೆಯ ಮೇಲೆ ಕೂತಿರುವಾಗಲೇ ತಂಗೆವ್ವ ಸೊಸೆ ಹಾಲವ್ವನನ್ನು ಕರೆದುಕೊಂಡು ಗುಡ್ಡ ಹತ್ತಿದಳು. ಹಾಲವ್ವ ಸಾಬಣ್ಣನನ್ನು ಮದುವೆಯಾಗಿ ಬಂದು ಆರು ತಿಂಗಳಾಗಿತ್ತು. ಈ ಮನೆಗೆ ಬಂದರೆ ಕಲ್ಲಿನ ಬಣ್ಣ ಕಲಿಯಬಹುದೆಂದು ತವರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದವಳು. ತಂಗೆವ್ವ ಒಂದೊಂದೇ ಕಲ್ಲನ್ನು ತೋರಿಸಿದಳು. ಕುಡುಗೋಲಿನ ಗೀರುಗಳು ಇನ್ನೂ ನಿನ್ನೆ ಮೊನ್ನೆಯವೇನೋ ಎನ್ನುವಂತಿದ್ದವು. ನಡೆದದ್ದನ್ನೆಲ್ಲ ಹೇಳಿದಳು. ಹೆಸರಿನ ಆಸೆ, ಅತ್ತೆಗೆ ಹೇಳಿದ ಸುಳ್ಳು, ಹೊಂಡದ ಮೇಲಿನ ಕಲ್ಲು, ಯಾವುದನ್ನೂ ಬಿಡಲಿಲ್ಲ. ಸೀಳಿನೊಳಗಿನ ಉಗುರಿನಷ್ಟನ್ನು ತೋರಿಸಿ, "ಇಷ್ಟ ಉಳದೈತಿ. ನೀ ಮುಟ್ಟಬ್ಯಾಡ. ನಿನ್ನ ಸೊಸೀಗೂ ಹೇಳು, ಆಕೀನೂ ಮುಟ್ಟೂದು ಬ್ಯಾಡ" ಎಂದಳು.

ಹಾಲವ್ವ ಬಗ್ಗಿ ನೋಡಿದಳು. ಅವಳಿನ್ನೂ ಚಿಕ್ಕವಳು, ಮನಸ್ಸಿಗೆ ಬಂದದ್ದನ್ನು ಹಾಗೆಯೇ ಕೇಳಿಬಿಟ್ಟಳು.

"ಹಂಗಾರ ನಿನಗ ಯಾವ ದಡಿ ಕಂಬಳಿ ಹೊಚ್ಚಲಿ ಅತ್ತಿ?"

ತಂಗೆವ್ವ ಕಲ್ಲಿನಿಂದ ಕೈ ತೆಗೆದಳು.

"ಬರೇ ಕರೇದು ಹೊಚ್ಚು. ದಡಿ ಬ್ಯಾಡ."