ಜಗದೇವಿಯ ಸಿಟ್ಟು

ಸಿಟ್ಟು ಬಂದರೆ ಜಗದೇವಿ ಜಡೆ ಬಿಚ್ಚುತ್ತಿದ್ದಳು. ಬಯ್ಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಅಳುವುದಂತೂ ಇಲ್ಲವೇ ಇಲ್ಲ. ಸೊಂಟದ ತನಕ ಇಳಿದ ಆ ದಪ್ಪ ಜಡೆಯನ್ನು ಎದೆಯ ಮೇಲೆ ಎಳೆದುಕೊಂಡು, ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಬುಡದ ತನಕ ಬಿಚ್ಚಿ, ಮತ್ತೆ ನಿಧಾನವಾಗಿ ಹೆಣೆಯುತ್ತಿದ್ದಳು. ಅಷ್ಟು ಹೊತ್ತೂ ಯಾರ ಮೇಲೆ ಸಿಟ್ಟೋ ಅವರನ್ನೇ ನೋಡುತ್ತಿದ್ದಳು. ಕಮಲಾಪುರದ ನಮ್ಮ ಹೈಸ್ಕೂಲಿನಲ್ಲಿ ಮಾಸ್ತರರ ಬೆತ್ತಕ್ಕೆ ಹೆದರದ ಹುಡುಗರು ಕೂಡ ಜಗದೇವಿ ರಿಬ್ಬನ್ನಿಗೆ ಕೈ ಹಾಕಿದರೆ ಬೆಂಚು ಬದಲಿಸುತ್ತಿದ್ದರು.

"ಈಗ ಬ್ಯಾಡ ಶನ್ನೂ," ಎನ್ನುತ್ತಿದ್ದಳು ನನಗೆ. "ಹಾಲು ಇನ್ನೂ ಉಕ್ಕಾಕತ್ತದ. ಕೆನಿ ಕಟ್ಟಲಿ."

ನನ್ನ ಹೆಸರು ಶಹನಾಜ್. ಅದನ್ನು ಶನ್ನೂ ಎಂದು ಮೊಟಕು ಮಾಡಿದವಳು ಅವಳೇ. ನಮ್ಮ ಮನೆಯ ಮಾತು ದಖನಿ ಉರ್ದು. ಏಳನೆಯ ತನಕ ಉರ್ದು ಶಾಲೆಯಲ್ಲಿ ಓದಿ, ಎಂಟನೆಯ ತರಗತಿಗೆ ಕನ್ನಡ ಶಾಲೆಗೆ ಬಂದ ನನ್ನ ನಾಲಿಗೆಗೆ 'ಳ' ಹತ್ತುತ್ತಿರಲಿಲ್ಲ. ಒಂದು ದಿನ ಪಾಠ ಓದುತ್ತ ಬಾಳೆಹಣ್ಣನ್ನು 'ಬಾಲೆಹಣ್ಣು' ಎಂದುಬಿಟ್ಟೆ. ಕೆಂಪು ಬಾಳೆಗೆ ಹೆಸರಾದ ಊರಿನಲ್ಲಿ! ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಗುತ್ತೇದಾರರ ಮಗ ಅಂದಿನಿಂದ ನನ್ನನ್ನು ಕಂಡಾಗಲೆಲ್ಲ ತಳ್ಳುಗಾಡಿಯವರ ದನಿಯಲ್ಲಿ "ಬಾಲೆಹಣ್ಣು ಬಂತು, ಬಾಲೆಹಣ್ಣೂ!" ಎಂದು ಕೂಗತೊಡಗಿದ. ಇಡೀ ತರಗತಿ ನಗುತ್ತಿತ್ತು. ಜಗದೇವಿ ಮಾತ್ರ ಜಡೆ ಬಿಚ್ಚಿದಳು.

ಅದಾಗಿ ಎಷ್ಟೋ ತಿಂಗಳು ಏನೂ ಆಗಲಿಲ್ಲ. ನಾನು ಮರೆತೆ, ಅವನೂ ಮರೆತ. ಶಾಲೆಯ ಗ್ಯಾದರಿಂಗ್ ಬಂತು. ನಾಟಕದಲ್ಲಿ ಅವನು ರಾಜ. ವೇಷದ ಬಟ್ಟೆ ನೋಡಿಕೊಳ್ಳುವ ಕೆಲಸವನ್ನು ಜಗದೇವಿ ತಾನಾಗಿ ಕೇಳಿ ತೆಗೆದುಕೊಂಡಳು. ರಾಜ ಕತ್ತಿ ಎತ್ತಿ ಶತ್ರುವಿಗೆ ಸವಾಲು ಹಾಕುವ ಹೊತ್ತಿಗೆ, ಊರ ಮಂದಿಯೆಲ್ಲ ನೋಡುತ್ತಿರುವಾಗ, ಅವನ ಪಾಯಿಜಾಮ ಸರ್ರನೆ ಕೆಳಗಿಳಿಯಿತು. ಲಾಡಿಯನ್ನು ಅರ್ಧ ಕತ್ತರಿಸಿಟ್ಟಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರೆ, ಅವಳು ನಗದೆ ಸ್ಟೇಜು ಹತ್ತಿ ಅವನ ಕೈಗೆ ಒಂದು ಪಿನ್ನು ಕೊಟ್ಟು ಮೆಲ್ಲಗೆ ಹೇಳಿದಳು: "'ಳ' ಅನ್ನೋದು ಆಕಿಗಿ ನಾ ಕಲಸ್ತೀನಿ. ಲಾಡಿ ಕಟ್ಕೊಳ್ಳೋದು ನಿನಗ ಯಾರ್ ಕಲಸ್ತಾರ?"

ಕಲಿಸಿದಳು ಕೂಡ. ಶಾಲೆ ಬಿಟ್ಟ ಮೇಲೆ ಅವರಪ್ಪನ ಬಾಳೆ ತೋಟದ ನೆರಳಲ್ಲಿ ನನ್ನನ್ನು ಕೂರಿಸಿಕೊಂಡು, "ನಾಲಿಗಿ ಮಡಚು. ಮ್ಯಾಲ ತಾಗಸು. ಬಾಳಿ. ಬಳಿ. ಹೋಳಿಗಿ," ಎಂದು ಗದರಿಸುತ್ತಿದ್ದಳು. ಸರಿಯಾಗಿ ಅಂದರೆ ಒಂದು ಕೆಂಪು ಬಾಳೆಹಣ್ಣು. ತಪ್ಪಿದರೆ ತಲೆಗೊಂದು ಮೊಟಕು. ಅವಳ ತಾಯಿ ನೀಲಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, "ಸಾಕು ಬಿಡ ಹುಡುಗಿ, ಪಾಪ, ಉಣ್ಣಲಿ," ಎಂದು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸುತ್ತಿದ್ದಳು. ತಂಗಿ ಶಿವಲೀಲಾ ಆಗ ಲಂಗ ತೊಟ್ಟು ನಮ್ಮ ಸುತ್ತ ಓಡಾಡುವ ಕೂಸು. ನಾನಿಂದು ಕಲಬುರಗಿಯ ಜೇವರ್ಗಿ ಕಾಲೋನಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ.

ನನಗೆ ಅಲ್ಲಿ ಕೆಲಸ ಸಿಗುವ ಮೊದಲೇ ಜಗದೇವಿಯನ್ನು ಕಲಬುರಗಿಗೆ ಕೊಟ್ಟಿದ್ದರು. ಗಂಡ ರೇವಣಸಿದ್ದನಿಗೆ ಸೂಪರ್ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ. ಮಾತು ಕಡಿಮೆ, ತಾಯಿ ಹಾಕಿದ ಗೆರೆ ದಾಟದ ಮನುಷ್ಯ. ಅತ್ತೆಗೆ ಇಳಿಬಿಟ್ಟ ಜಡೆ ಸೇರುತ್ತಿರಲಿಲ್ಲವೆಂದು ಜಗದೇವಿ ತುರುಬು ಕಟ್ಟತೊಡಗಿದ್ದಳು. ಬಹಳ ವರ್ಷ ಮಕ್ಕಳಾಗಲಿಲ್ಲ, ಅದಕ್ಕೆ ಮಾತು. ಕೊನೆಗೆ ಹೆಣ್ಣು ಹುಟ್ಟಿತು, ಅದಕ್ಕೂ ಮಾತು. ಭಾನುವಾರ ನಾನು ಹೋದಾಗ ಎಲ್ಲವನ್ನೂ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಹೇಳಿ ನಗುತ್ತಿದ್ದಳು.

"ನೀ ಯಾಕ ಸುಮ್ಮನದಿ? ಆ ಜಗದೇವಿ ಎಲ್ಲಿ ಹೋದ್ಲು?" ಎಂದು ಒಮ್ಮೆ ರೇಗಿದೆ.

"ಎಲ್ಲೂ ಹೋಗಿಲ್ಲ. ಕೆನಿ ಕಟ್ಟಾಕತ್ತದ, ದಪ್ಪ ಕಟ್ಟಾಕತ್ತದ. ಹೊಸ ಮನಿ ಆಗ್ಲಿ, ಕೀಲಿ ನನ್ನ ಸೊಂಟಕ್ಕ ಬರ್ಲಿ. ಆಮ್ಯಾಲ ಮುದುಕಿ ಹ್ಯಾಂಗ ಕುಣೀತಾಳ ನೋಡು."

ಶರಣಸಿರಸಗಿಯ ಕಡೆ ಹೊಸ ಲೇಔಟಿನಲ್ಲಿ ಆ ಮನೆ ಏಳುತ್ತಿತ್ತು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಗೃಹಪ್ರವೇಶ ಇಟ್ಟರು. ನಾನು ಹೋದಾಗ ಜಗದೇವಿ ಹಿತ್ತಲಲ್ಲಿ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದಳು. ಕಣ್ಣು ಕೆಂಡ. ಕೈ ಹಿಡಿದರೆ ಹಂಚಿನಷ್ಟೇ ಬಿಸಿ. ಮೂರ್ನಾಲ್ಕು ದಿನದಿಂದ ಜ್ವರವಂತೆ, ಮೆಡಿಕಲ್ಲಿನ ಗುಳಿಗೆ ನುಂಗಿ ಓಡಾಡುತ್ತಿದ್ದಳಂತೆ. ಕೈಕಾಲಲ್ಲಿ ಕೆಂಪು ಚುಕ್ಕೆ ಎದ್ದಿದ್ದವು. ನಾನು ರೇವಣಸಿದ್ದನನ್ನು ಹುಡುಕಿ, ಈಗಲೇ ದವಾಖಾನೆಗೆ ಹೋಗಬೇಕೆಂದೆ.

"ಮಂದಿ ಉಂಡು ಹೋಗ್ಲಿ ಮೇಡಂ. ಸಂಜೀಕ ಕರ್ಕೊಂಡು ಹೋಗ್ತೀನಿ."

ಅವನ ತಾಯಿ ಅಲ್ಲೇ ಇದ್ದಳು. "ಜ್ವರಾ ಯಾರಿಗಿ ಬರಾಂಗಿಲ್ಲ? ಕೆಲಸ ಇದ್ದಾಗೇ ಬರ್ತದ ಇಕಿಗಿ," ಎಂದು ಹಿಟ್ಟಿನ ಪರಾತವನ್ನು ಜಗದೇವಿಯ ಮುಂದೆ ತಳ್ಳಿದಳು. ನಾನು ಅವಳ ತೋಳು ಹಿಡಿದು ಎಬ್ಬಿಸಿದೆ. ಅವಳು ಬಿಡಿಸಿಕೊಂಡಳು. "ಇವತ್ತೊಂದಿನ ಬ್ಯಾಡ ಶನ್ನೂ. ಇಷ್ಟು ದಿನ ಕಾದೀನಿ, ಮನಿ ಒಳಗ ಕಾಲಿಟ್ಟು ಹಿಂದ ಬರ್ಲೇನು?"

ಸಂಜೆ ಅವರು ಕರೆದೊಯ್ಯಲಿಲ್ಲ. ಮರುದಿನ ನಾನೇ ಆಟೋ ತಂದೆ. ದವಾಖಾನೆಯಲ್ಲಿ ಡೆಂಗ್ಯೂ ಎಂದರು, ಬಹಳ ತಡವಾಗಿದೆ ಎಂದರು. ಹಾಸಿಗೆಯಲ್ಲಿ ಅವಳು, "ತುರುಬು ಒತ್ತಾಕತ್ತದ, ಬಿಚ್ಚು," ಎಂದಳು. ಬಿಚ್ಚಿ, ಶಾಲೆಯಲ್ಲಿದ್ದ ಹಾಗೆ ಜಡೆ ಹೆಣೆದು ಎದೆಯ ಮೇಲೆ ಹಾಕಿದೆ. ಅದನ್ನು ಸವರುತ್ತ, "ಆರಾಮಾಗಿ ಹೋಗಿ ಒಂದೊಂದ್ ಹೋಳಿಗೀನೂ ಆ ಮುದುಕಿ ಬಾಯಾಗ ತುರುಕ್ತೀನಿ," ಎಂದಳು. ನಕ್ಕಳು. ಮರುದಿನ ಮಧ್ಯಾಹ್ನ ತೀರಿಕೊಂಡಳು.

ಎಲ್ಲರೂ ಜ್ವರವನ್ನು ಬಯ್ದರು, ಸೊಳ್ಳೆಯನ್ನು ಬಯ್ದರು. ಅಂದು ಇನ್ನೂ ಜೋರಾಗಿ ಎಳೆಯಬೇಕಿತ್ತೇನೋ ಎಂದು ನನ್ನನ್ನೇ ಹಳಿದುಕೊಳ್ಳುವ ಹುಚ್ಚಿಗೆ ನಾನು ಬೀಳಲಿಲ್ಲ. ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಕಮಲಾಪುರದಲ್ಲಿ ನೀಲಮ್ಮನಿಗೆ ಮಾತ್ರ ಒಲೆಯ ಮುಂದಿನ ಸಂಗತಿ ಯಾರೂ ಹೇಳಲಿಲ್ಲ. ಎದೆ ಬಡಿದುಕೊಳ್ಳುತ್ತಿದ್ದ ಆ ತಾಯಿಗೆ ನಾನೂ ಹೇಳಲಾರದೆ ಹೋದೆ.

ಬೇಸಿಗೆ ಬರುವ ಹೊತ್ತಿಗೆ ರೇವಣಸಿದ್ದನಿಗೆ ಹೆಣ್ಣು ನೋಡುವ ಸುದ್ದಿ ಕಿವಿಗೆ ಬಿತ್ತು. ಮೊದಲ ಹೆಣ್ಣಿನ ಮನೆ ನಮ್ಮ ಕಾಲೋನಿಯಲ್ಲೇ. ಆ ಸಂಜೆಯೇ ಹೋದೆ. ಚಹಾ ಕೊಟ್ಟರು, ಕುಡಿದೆ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ: ಜ್ವರ, ಕೆಂಪು ಚುಕ್ಕೆ, ಪರಾತ, "ಮಂದಿ ಉಂಡು ಹೋಗ್ಲಿ." ಒಂದು ಮಾತೂ ಸೇರಿಸಲಿಲ್ಲ. ಸಂಬಂಧ ಮುರಿಯಿತು. ಮುಂದಿನದು ಶರಣಸಿರಸಗಿಯಲ್ಲಿ, ಅಲ್ಲಿಗೂ ಹೋದೆ, ಅದೂ ಮುರಿಯಿತು. ಮನೆಗೆ ಬರುವಾಗ ನನ್ನೊಳಗೆ ಏನೋ ತಣ್ಣಗಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ದಿನ ರೇವಣಸಿದ್ದ ಶಾಲೆಯ ಗೇಟಿನ ಹೊರಗೆ ನಿಂತಿದ್ದ. ಸೊರಗಿದ್ದ. "ಮೇಡಂ, ಯಾಕ ನನ್ನ ಬಾಳೇವು ಹಾಳ ಮಾಡಾಕತ್ತೀರಿ?"

"ನಾ ಆದದ್ದು ಹೇಳಾಕತ್ತೀನಿ. ಸುಳ್ಳಿದ್ರ ಯಾವುದು ಸುಳ್ಳು ಹೇಳ್ರಿ."

"ನನಗೂ ದುಃಖ ಅದ ರೀ," ಎಂದ.

"ಇರ್ಲಿ. ಮಂದಿ ಉಂಡು ಹೋದ ಮ್ಯಾಲ ಅಳ್ರಿ," ಎಂದು ಒಳಗೆ ಹೋದೆ.

ಆಮೇಲೆ ಬಂದ ಸುದ್ದಿ ನನ್ನ ಕಾಲ ಕೆಳಗಿನ ನೆಲ ಕಿತ್ತುಕೊಂಡಿತು. ಶಿವಲೀಲಾಳನ್ನೇ ಅವನಿಗೆ ಕೊಡುತ್ತಾರಂತೆ. ಮೊಮ್ಮಗಳಿಗೆ ಮಲತಾಯಿ ಬರಬಾರದೆಂದು ನೀಲಮ್ಮ ಒಪ್ಪಿದ್ದಾಳಂತೆ. ನಿಶ್ಚಯದ ದಿನ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಎರಡೂ ಕಡೆಯವರು ಕೂತಿದ್ದರು, ತಟ್ಟೆಯಲ್ಲಿ ಸೀರೆ, ಎಲೆ ಅಡಿಕೆ. ಜಗದೇವಿಯ ಕೂಸು ಅವಳ ಅತ್ತೆಯ ತೊಡೆಯ ಮೇಲಿತ್ತು. ನೀಲಮ್ಮ, "ಬಾ ಶನ್ನೂ, ಛಲೋ ಯಾಳೇಕ ಬಂದಿ," ಎಂದಳು.

ನಾನು ಕೂರಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ.

ಅತ್ತೆ ನಡುವೆಯೇ ಬಾಯಿ ಹಾಕಿದಳು. "ನಮ್ಮ ಮಂದಿ ಮಾತಿನ್ಯಾಗ ಈ ಬ್ಯಾರೇದಾಕಿಗಿ ಏನ್ ಕೆಲಸ?"

ನೀಲಮ್ಮ ಅವಳತ್ತ ನೋಡಲಿಲ್ಲ. ರೇವಣಸಿದ್ದನ ಮುಂದೆ ಹೋಗಿ ನಿಂತಳು. "ಹೌದೇನಪ್ಪಾ? ನನ್ನ ಮಗಳು ಜ್ವರದಾಗ ಹೋಳಿಗಿ ಮಾಡ್ತಿದ್ಲೇನು?"

ಅವನು ತಲೆ ಎತ್ತಲಿಲ್ಲ. ಶಿವಲೀಲಾ ಎದ್ದು, ಉಡಿಯಲ್ಲಿ ಹಾಕಿದ್ದ ಎಲೆ ಅಡಿಕೆಯನ್ನು ಅವನ ಕಾಲ ಬಳಿ ಕೊಡವಿ ಒಳಗೆ ಹೋದಳು. ನೀಲಮ್ಮ ಬಗ್ಗಿ ಬೀಗಿತ್ತಿಯ ತೊಡೆಯಿಂದ ಮೊಮ್ಮಗಳನ್ನು ಎತ್ತಿಕೊಂಡಳು. "ಕೂಸು ಇಲ್ಲೇ ಇರ್ತದ. ನೀವು ಏಳ್ರಿ." ಅಷ್ಟೇ. ದನಿ ಏರಿಸಲೇ ಇಲ್ಲ. ಜಗದೇವಿ ಆ ಗುಣವನ್ನು ಎಲ್ಲಿಂದ ತಂದಿದ್ದಳೆಂದು ನನಗೆ ಅಂದು ತಿಳಿಯಿತು.

ಅವರ ಕಾರು ಹೋದ ಮೇಲೆ ನಾನು ನೀಲಮ್ಮನ ಕೈ ಹಿಡಿಯಲು ಹೋದೆ. ಅವಳು ಹಿಂದೆ ಸರಿದಳು.

"ಜ್ವರಾ ಬಂದು ಹೋದ್ಲು ಅಂತ ತಿಳ್ಕೊಂಡು ಹ್ಯಾಂಗೋ ಬದುಕಿದ್ದೆ. ಇನ್ನ ದಿನಾ ಒಲಿ ಮುಂದ ಕುಂತಾಗ ನಾ ಏನ್ ಮಾಡ್ಲಿ ಶನ್ನೂ?"

ಶಿವಲೀಲಾ ಬಸ್ ನಿಲ್ದಾಣದ ತನಕ ಬಂದಳು. ನೀಲಮ್ಮ ಬರಲಿಲ್ಲ, ಆಮೇಲೆ ನನ್ನ ಫೋನೂ ಎತ್ತಿಲ್ಲ. ಕೂಸು ಅಲ್ಲೇ ಬೆಳೆಯುತ್ತಿದೆ. ಅಂಗನವಾಡಿಗೆ ಹೋಗುತ್ತದಂತೆ, ಯಾರೋ ತಳ್ಳಿದರೆ ಅಳುವುದಿಲ್ಲವಂತೆ. ಶಿವಲೀಲಾ ಹೇಳಿದ್ದು.

ಮೊನ್ನೆ ಮತ್ತೆ ಸುದ್ದಿ ಬಂತು. ರೇವಣಸಿದ್ದನಿಗೆ ಬೀದರದ ಕಡೆ ಒಂದು ಸಂಬಂಧ ಕೂಡಿಬರುತ್ತಿದೆಯಂತೆ. ಸ್ಟಾಫ್ ರೂಮಿನಲ್ಲಿ ನಾನು ಬೀದರಕ್ಕೆ ಹೋಗಲು ರಜೆ ಅರ್ಜಿ ಬರೆಯುತ್ತಿದ್ದಾಗ ಹಿರಿಯ ಟೀಚರೊಬ್ಬರು ಪೆನ್ನಿನ ಮೇಲೆ ಕೈ ಇಟ್ಟರು.

"ಇನ್ನ ಬಿಡ್ರಿ ಶಹನಾಜ್. ನೀವು ಹಿಂಗ ಮಾಡಿದ್ರ ಸತ್ತಾಕಿ ತಿರುಗಿ ಬರ್ತಾಳೇನು?"

"ಬರಾಂಗಿಲ್ರಿ," ಎಂದೆ. "ಬರ್ತಿದ್ರ ನಾ ಯಾಕ ಹೋಗ್ತಿದ್ದೆ?"